ದಿಂಬಂ ಘಟ್ಟವೂ ತಗ್ಗು ಕಾರೂ

ತಾಳವಾಡಿ ಸೀಮೆಯವರಾದ ನಮಗೆ ಕೆಳನಾಡಿಗೆ ಇರುವ ಬಾಗಿಲು ದಿಂಬಂ. ತಲಮಲೆಯ ಕಾಡುದಾರಿಯಾಗಿ ಬಂದರೂ ಸರಿ, ಹಾಸನೂರಿನ ಮಾರ್ಗವಾಗಿ ಬಂದರೂ ಸರಿ, ಸತ್ಯಮಂಗಲಕ್ಕೋ ಈರೋಡಿಗೋ ಕೊಯಮತ್ತೂರಿಗೋ ಹೋಗಬೇಕಾದವರು ಈ ಘಟ್ಟದ ನೆತ್ತಿಗೆ ಬಂದು, ಅಲ್ಲಿಂದ ೨೭ ತಿರುವುಗಳನ್ನು ಇಳಿದೇ ಬಣ್ಣಾರಿಯನ್ನು ಮುಟ್ಟಬೇಕು. ದಿಂಬಂ ಊರೆಂದು ಕರೆಯುವಷ್ಟು ದೊಡ್ಡದಲ್ಲ. ಸಾವಿರ ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಕೆಲವು ಮನೆಗಳು, ಟೀ ಅಂಗಡಿಗಳು, ಅರಣ್ಯ ಇಲಾಖೆಯ ಕಟ್ಟಡ, ಮಳೆಗಾಲದಲ್ಲಿ ಇವೆಲ್ಲವನ್ನೂ ಮುಚ್ಚಿಬಿಡುವ ಮಂಜು, ಇಷ್ಟೇ. ಆದರೆ ಇಲ್ಲಿ ಬಸ್ಸಿನಿಂದಿಳಿದು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತಿನಲ್ಲಿ ಎರಡು ಹವೆಗಳೂ ಎರಡು ಭಾಷೆಗಳೂ ಒಂದನ್ನೊಂದು ದಾಟುವುದು ಅನುಭವಕ್ಕೆ ಬರುತ್ತದೆ. ಮೇಲಿನಿಂದ ಬಂದವರ ಮಾತು ನಮ್ಮ ಕನ್ನಡ, ಸೋಲಿಗರ ನುಡಿ. ಕೆಳಗಿನಿಂದ ಬಂದವರದು ಕೊಂಗುನಾಡಿನ ತಮಿಳು. ತಿರುವುಗಳನ್ನು ತಮಿಳಿನಲ್ಲಿ ‘ಕೊಂಡೈ ಊಸಿ ವಳೈವು’ ಎನ್ನುತ್ತಾರೆ. ತುರುಬಿನ ಸೂಜಿಯ ಬಳುಕು ಎಂದು ಅರ್ಥ. ಹೇರ್‌ಪಿನ್ ಎಂಬ ಇಂಗ್ಲಿಷಿಗಿಂತ ಇದು ನಮ್ಮ ಕಿವಿಗೆ ಹಿತವಾಗಿದೆ.

೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯ ಬೆಟ್ಟಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿಯಿತು. ಈರೋಡು ಜಿಲ್ಲೆ ಬೇರೆಯಾದುದು ೧೯೭೯ರಲ್ಲಿ. ಈ ಇತಿಹಾಸವು ವಾಚಕರಿಗೆ ತಿಳಿದದ್ದೇ. ಅದರ ಫಲವಾಗಿ ನಮ್ಮ ಕಚೇರಿ, ಕೋರ್ಟು, ದೊಡ್ಡ ಆಸ್ಪತ್ರೆ, ಎಲ್ಲವೂ ಘಟ್ಟದ ಕೆಳಗೆ. ಗಾಜನೂರಿನ ರೈತನು ತನ್ನ ಜಮೀನಿನ ಕಾಗದಕ್ಕಾಗಿ ಕಲೆಕ್ಟರರ ಕಚೇರಿಗೆ ಹೋಗಬೇಕಾದರೂ ಈ ೨೭ನ್ನು ಎಣಿಸಲೇಬೇಕು.

ಹಿಂದೆ ೨೦೯ನೆಯ ಸಂಖ್ಯೆಯದಾಗಿದ್ದು ಈಗ ೯೪೮ ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿಯಿದು. ಕೊಯಮತ್ತೂರನ್ನೂ ಬೆಂಗಳೂರನ್ನೂ ಕೂಡಿಸುತ್ತದೆ. ಭಾರದ ಲಾರಿಗಳು ತಿರುವಿನಲ್ಲಿ ಸಿಕ್ಕಿಕೊಂಡು ಹಿಂದಕ್ಕೂ ಮುಂದಕ್ಕೂ ಹೋಗಲಾರದೆ ನಿಂತರೆ ಎರಡೂ ಕಡೆ ಮೈಲಿಗಟ್ಟಲೆ ಸಾಲು. ಅವು ತಿರುವಿಗೆ ಮುನ್ನ ಬ್ರೇಕು ಹಿಡಿಯುವೆಡೆಗಳಲ್ಲಿ ಡಾಂಬರು ಸರಿದು, ಬಟ್ಟೆ ಒಗೆಯುವ ಹಲಗೆಯಂತೆ ಏಣುಏಣಾಗುತ್ತದೆ. ಸುತ್ತಲ ಅರಣ್ಯವು ೨೦೧೩ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ೨೦೨೨ರ ಫೆಬ್ರವರಿಯಿಂದ ಮದರಾಸು ಹೈಕೋರ್ಟಿನ ಆದೇಶದಂತೆ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದಿದೆ. ಕಾಡಿನ ಪ್ರಾಣಿಗಳ ದೃಷ್ಟಿಯಿಂದ ಅದು ಯುಕ್ತವೇ. ಆದರೆ ಕೆಳಗೆ ಹೋದವರು ‘ನಿಧಾನವಾಗಿ, ಎಷ್ಟು ಹೊತ್ತಿಗಾದರೂ ಬರೋಣ’ ಎನ್ನುವಂತಿಲ್ಲ. ಗಡಿಯಾರವನ್ನು ನೋಡಿಕೊಂಡೇ ಘಟ್ಟ ಹತ್ತಬೇಕು.

ಇಷ್ಟು ಪೀಠಿಕೆಯ ಬಳಿಕ ವಿಷಯಕ್ಕೆ ಬರೋಣ. ನಮ್ಮ ಅಕ್ಕನವರಿಗೆ ಈಗ ೬೪ ವರ್ಷ. ಕೆಲವು ವರ್ಷಗಳ ಕೆಳಗೆ ಅವರ ಬೆನ್ನುಮೂಳೆಗೆ ಕೊಯಮತ್ತೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳಿಗೊಮ್ಮೆ ಅದೇ ವೈದ್ಯರಿಗೆ ತೋರಿಸಬೇಕು. ಚಾಮರಾಜನಗರ ಹತ್ತಿರವಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಶಸ್ತ್ರಚಿಕಿತ್ಸೆ ಮಾಡಿದವರು ಅಲ್ಲಿದ್ದಾರೆ. ಮಗನೂ ಅಲ್ಲಿಯೇ, ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ವಿಭಾಗದ ಮೇಲ್ವಿಚಾರಕನಾಗಿದ್ದಾನೆ. ತಾಯಿಯನ್ನು ತಾನೇ ಬಂದು ಕರೆದೊಯ್ಯುತ್ತಾನೆ. ಇದಕ್ಕಿಂತ ಇನ್ನೇನು ಬೇಕು ಎನ್ನಬಹುದು. ತೊಡಕು ಇದ್ದುದು ಅವನ ಕಾರಿನಲ್ಲಿ.

ಹುಡುಗನು ತನ್ನ ಸಣ್ಣ ಕಾರನ್ನು ಐದು ಸೆಂಟಿಮೀಟರಿನಷ್ಟು ತಗ್ಗಿಸಿದ್ದನು. ಕಾರ್ಖಾನೆಯಿಂದ ಬಂದ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ತೆಗೆದು, ಎತ್ತರವನ್ನೂ ಬಿಗಿತವನ್ನೂ ಬೇಕಾದಂತೆ ತಿರುಗಿಸಿಕೊಳ್ಳಬಹುದಾದ ‘ಕಾಯಿಲ್‌ಓವರ್’ ಎಂಬ ಜೋಡಣೆಯನ್ನು ಹಾಕಿಸಿದ್ದನು. ಚಕ್ರಗಳೂ ದೊಡ್ಡವು, ಟೈರು ತೆಳು. ನೋಡಲು ಅದು ಬೇಟೆಗೆ ಹೊಂಚಿದ ಬೆಕ್ಕಿನ ಹಾಗೆ ನೆಲಕ್ಕಂಟಿ ಕೂತಿರುತ್ತಿತ್ತು. ನಮ್ಮ ಕಾಲದವರ ಕಣ್ಣಿಗೆ ಇದು ಒಗ್ಗದಿರಬಹುದು. ಆದರೆ ಸ್ವಂತ ಸಂಪಾದನೆಯ ಹುಡುಗನು ಸಾಲವಿಲ್ಲದೆ ಮಾಡಿಕೊಂಡ ಅಲಂಕಾರವನ್ನು ಹಳಿಯುವುದು ನಮ್ಮ ಸ್ವಭಾವವಲ್ಲ. ಅಕ್ಕನವರು ಮಾತ್ರ ಮೊದಲ ಪ್ರಯಾಣ ಮುಗಿಸಿ ಇಳಿದವರೇ, “ಒರಳಿಗ್ ಹಾಕ್ದ ಭತ್ತ ಆಗೋದೆ ಕಣ್ ಮಗ, ಇನ್ನು ನಾನು ಇದ್ರಲ್ಲಿ ಕೂರಕಿಲ್ಲ” ಎಂದುಬಿಟ್ಟರು. ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮುಂದಿನ ಸಲ ವೈದ್ಯರ ಬಳಿಗೆ ಹೋಗಲೂ ಇಲ್ಲ. ಅದರ ಮುಂದಿನ ಸಲವೂ ಇಲ್ಲ. ಮಗನಿಗೆ ಇದು ಬಹಳ ನೋವಾಯಿತು. “ಅವ್ವ ಬಸ್ಸಿಗಾದ್ರೂ ಹೋಯ್ತೀನಿ, ನಿನ್ ಕಾರ್ ಬ್ಯಾಡ ಅಂತಾಳೆ ಮಾವ. ಹಾಗಾದ್ರೆ ನಾನು ಕಾರ್ ಇಟ್ಕೊಂಡು ಏನು ಸುಖ?” ಎಂದು ನಮ್ಮಲ್ಲಿ ಹೇಳಿಕೊಂಡನು.

ಚಕ್ರದ ಮೇಲಿನ ಕುಲುಕಾಟದ ವಿಚಾರವಾಗಿ ನಾವು ತರಗತಿಯಲ್ಲಿ ಮಕ್ಕಳಿಗೆ ತೋರಿಸುವ ಒಂದು ಪ್ರಯೋಗವುಂಟು. ಅದನ್ನು ಅವನಿಗೂ ತೋರಿಸಿದೆವು. ಬೆಂಚಿನ ಅಂಚಿನಿಂದ ದಾರದಲ್ಲಿ ಒಂದು ಕಲ್ಲನ್ನು ಇಳಿಬಿಟ್ಟು, ದಾರದ ಉದ್ದವನ್ನು ೨೫ ಸೆಂಟಿಮೀಟರಿಗೆ ಸರಿಮಾಡಿ ತೂಗಬಿಟ್ಟರೆ, ಅದು ಸೆಕೆಂಡಿಗೆ ಒಂದು ಸಲ ಹೋಗಿ ಬರುತ್ತದೆ. ದಾರವನ್ನು ೬ ಸೆಂಟಿಮೀಟರಿಗೆ ತುಂಡುಮಾಡಿದರೆ ಸೆಕೆಂಡಿಗೆ ಎರಡು ಸಲ. ಸೋಜಿಗವೇನೆಂದರೆ ಸ್ಪ್ರಿಂಗಿನ ಮೇಲೆ ಕುಳಿತ ಗಾಡಿಗೂ ಇದೇ ಲೆಕ್ಕ ಸಲ್ಲುತ್ತದೆ. ಗಾಡಿಯ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಗ್ಗಿ ನಿಂತಿದೆಯೋ ಅಷ್ಟು ಉದ್ದದ ಲೋಲಕವು ಎಷ್ಟು ಬೇಗ ತೂಗುತ್ತದೆಯೋ, ಆ ಗಾಡಿಯೂ ಅಷ್ಟೇ ಬೇಗ ಮೇಲೆ ಕೆಳಗೆ ಆಡುತ್ತದೆ. ಸಾಮಾನ್ಯ ಸಂಸಾರದ ಕಾರುಗಳನ್ನು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಆಡುವಂತೆ ಮಾಡಿರುತ್ತಾರೆ. ಒಂದೂವರೆ ಸಲಕ್ಕೆ ಸ್ಪ್ರಿಂಗು ೧೧ ಸೆಂಟಿಮೀಟರು ಕುಗ್ಗಿ ನಿಲ್ಲಬೇಕು. ಮನುಷ್ಯನ ಮೈ ಕುಳಿತ ಭಂಗಿಯಲ್ಲಿ ಅತ್ಯಂತ ಹೆಚ್ಚು ನೋಯುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅದುರುವಿಕೆಗೆ. ಗಾಡಿಯ ಆಟ ಬಿರುಸಾದಷ್ಟೂ ರಸ್ತೆಯ ಆ ಬಗೆಯ ಅದುರು ಬೆನ್ನಿಗೆ ಹೆಚ್ಚಾಗಿ ತಾಗುತ್ತದೆ. ಹಾಗೆಂದು ತೀರ ಮೆತ್ತಗೆ ಮಾಡಿದರೂ ಆಗದು. ತೊಟ್ಟಿಲಿನಂತೆ ನಿಧಾನವಾಗಿ ತೂಗುವ ಗಾಡಿಯಲ್ಲಿ ಘಟ್ಟ ಇಳಿದರೆ ಕುಳಿತವರಿಗೆ ವಾಂತಿ ತಪ್ಪಿದ್ದಲ್ಲ.

ನಮ್ಮ ಹಿರಿಯರಿಗೆ ಈ ಸೂತ್ರ ಗೊತ್ತಿಲ್ಲದಿದ್ದರೂ ಅದರ ಉಪಯೋಗ ಗೊತ್ತಿತ್ತು. ತಮಿಳರು ಸ್ಪ್ರಿಂಗು ಹಾಕಿದ ಎತ್ತಿನಗಾಡಿಯನ್ನು ‘ವಿಲ್ಲುವಂಡಿ’ ಎಂದು ಕರೆದರು. ಅವರ ವಿಲ್ಲು, ನಮ್ಮ ಬಿಲ್ಲು, ಎರಡೂ ಒಂದೇ ಮಾತು. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಅಚ್ಚಿಗೂ ತೊಟ್ಟಿಗೂ ನಡುವೆ ಇಟ್ಟರೆ ಹೆಂಗಸರು ಮಕ್ಕಳು ದೂರದ ಜಾತ್ರೆಗೆ ಹೋಗಿಬರಬಹುದಾಗಿತ್ತು. ಇಂಗ್ಲೆಂಡಿನಲ್ಲಿ ಒಬದಾಯ ಎಲಿಯಟ್ ಎಂಬಾತನು ೧೮೦೪ರಲ್ಲಿ ಇಂಥ ಸ್ಪ್ರಿಂಗಿಗೆ ಪೇಟೆಂಟು ಪಡೆದನು. ಇಂದಿನ ಬಸ್ಸಿನ ಕೆಳಗಿರುವುದೂ ಅದರ ವಂಶದ್ದೇ. ತುಂಬಿದ ಬಸ್ಸಿಗಿಂತ ಖಾಲಿ ಬಸ್ಸು ಹೆಚ್ಚು ಎತ್ತಿಹಾಕುವುದೇಕೆಂದು ವಾಚಕರು ಯೋಚಿಸಿರಬಹುದು. ಭಾರ ಕಡಿಮೆಯಾದಾಗ ಪಟ್ಟಿ ಕುಗ್ಗುವುದು ಕಡಿಮೆ. ಲೋಲಕದ ದಾರ ತುಂಡಾದಂತಾಯಿತು. ಹಿಂದಿನ ಅಚ್ಚಿನ ಆಚೆಗಿರುವ ಕೊನೆಯ ಸೀಟಿನ ವಿಚಾರ ಹೇಳುವುದೇ ಬೇಡ.

ಈ ಅಳತೆಯನ್ನು ಕಾರಿಗೆ ಹಚ್ಚಿ ನೋಡಿದೆವು. ಸತ್ಯಮಂಗಲದಲ್ಲಿ ಹುಡುಗನಿಗೆ ಪರಿಚಿತರಾದ ಮೆಕ್ಯಾನಿಕ್ ಒಬ್ಬರು ಜಾಕು ಕೊಟ್ಟು ಮುಂದಿನ ಚಕ್ರವನ್ನು ತೂಗುಬಿಟ್ಟರು. ಸ್ಪ್ರಿಂಗು ತನ್ನ ತಟ್ಟೆಯನ್ನು ಬರಿದೆ ಮುಟ್ಟಿಕೊಂಡಿದ್ದಿತು. ಹಾಗಿದ್ದಾಗ ಚಕ್ರ ಎಷ್ಟು ಕೆಳಗಿಳಿಯುತ್ತದೆಯೋ ಅದೇ, ಸರಿಸುಮಾರಾಗಿ, ಭಾರಕ್ಕೆ ಕುಗ್ಗಿದ ಅಳತೆ. ಟೇಪು ಹಿಡಿದರೆ ಆರು ಸೆಂಟಿಮೀಟರು! ಸೆಕೆಂಡಿಗೆ ಎರಡು ಕುಲುಕು ಎಂದಾಯಿತು. ಕಾರನ್ನು ತಗ್ಗಿಸುವವರು ಸ್ಪ್ರಿಂಗನ್ನು ಬಿರುಸು ಮಾಡುವುದಕ್ಕೆ ಕಾರಣವಿಲ್ಲದಿಲ್ಲ. ತಗ್ಗಿಸಿದ ಕಾರಿನ ಚಕ್ರಕ್ಕೆ ಮೇಲೇರಲು ಜಾಗ ಉಳಿದಿರುವುದಿಲ್ಲ. ಮೆತ್ತಗಿನ ಸ್ಪ್ರಿಂಗಾದರೆ ಪ್ರತಿ ಗುಂಡಿಗೂ ಅದು ಕೊನೆ ಮುಟ್ಟುತ್ತದೆ. ಆ ಕೊನೆಯಲ್ಲಿ ರಬ್ಬರಿನ ಒಂದು ಗಡ್ಡೆಯಿದೆ, ಬಂಪ್ ಸ್ಟಾಪ್ ಎನ್ನುತ್ತಾರೆ. ಚಕ್ರ ಅದಕ್ಕೆ ಬಡಿದ ಮೇಲೆ ಸ್ಪ್ರಿಂಗು ಇದ್ದೂ ಇಲ್ಲದಂತೆ. ಪೆಟ್ಟು ನೇರವಾಗಿ ಸೀಟಿಗೆ.

ಅಕ್ಕನವರಿಗೆ ತಾಗಿದ್ದು ಬಿರುಸಾದ ಸ್ಪ್ರಿಂಗಿನ ಕುಲುಕೋ, ರಬ್ಬರಿನ ಪೆಟ್ಟೋ? ಇದನ್ನು ಊಹೆಗೆ ಬಿಡದೆ ತಿಳಿಯಲು ಮೆಕ್ಯಾನಿಕ್ ಸರಳವಾದ ಉಪಾಯವೊಂದನ್ನು ಮಾಡಿದರು. ಶಾಕ್ ಅಬ್ಸಾರ್ಬರಿನ ಹೊಳೆಯುವ ದಂಡಕ್ಕೆ ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬಿಗಿಯದಂತೆ ಸುತ್ತಿದರು. ಚಕ್ರ ಮೇಲೇರಿದಷ್ಟೂ ಪಟ್ಟಿ ಸರಿಯುತ್ತದೆ, ಆಮೇಲೆ ಅಲ್ಲಿಯೇ ನಿಲ್ಲುತ್ತದೆ. ಬಣ್ಣಾರಿಯಿಂದ ದಿಂಬಂಗೆ ಹೋಗಿಬಂದು ನೋಡಿದರೆ ನಾಲ್ಕು ಚಕ್ರಗಳಲ್ಲಿ ಮೂರರ ಪಟ್ಟಿ ರಬ್ಬರಿಗೆ ಅಂಟಿಕೊಂಡಿದೆ. ಕುಲುಕೂ ಇತ್ತು, ಪೆಟ್ಟೂ ಇತ್ತು.

ಈ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ಕಲ್ಪನೆಯಿದೆ. ಕಾಯಿಲ್‌ಓವರಿನ ಕೆಳತಟ್ಟೆಯನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿಮಾಡಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ, ಸಡಿಲಿಸಿದರೆ ಮೆತ್ತಗಾಗುತ್ತದೆ ಎಂದು ತಿಳಿಯುತ್ತಾರೆ. ಸಮಸುತ್ತಿನ ಸ್ಪ್ರಿಂಗಿನಲ್ಲಿ ಹಾಗಾಗುವುದಿಲ್ಲ. ಅದರ ಬಿರುಸು ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಇವುಗಳಿಂದ ಮೊದಲೇ ನಿಶ್ಚಿತವಾದುದು. ತಟ್ಟೆ ತಿರುಗಿಸಿದರೆ ಕಾರಿನ ಎತ್ತರ ಬದಲಾಗುತ್ತದೆ, ಅಷ್ಟೇ. ನಮ್ಮ ಹುಡುಗನು ಇಡೀ ಐದು ಸೆಂಟಿಮೀಟರನ್ನೂ ತಟ್ಟೆಯಿಂದಲೇ ಇಳಿಸಿದ್ದನು. ತತ್ಫಲವಾಗಿ ಶಾಕ್ ಅಬ್ಸಾರ್ಬರಿನ ದಂಡ ಕೊಳವೆಯೊಳಗೆ ಹುದುಗಿ, ಮುಂದೆ ಚಲಿಸಲು ಎಡೆಯಿಲ್ಲದಂತಾಗಿತ್ತು. ಅವನು ಕೊಂಡಿದ್ದ ಜೋಡಣೆಯಲ್ಲಿ ಕೆಳಗಿನ ಹಿಡಿಯನ್ನೂ ಮರೆಯ ಮೇಲೆ ತಿರುಗಿಸಿ ಎತ್ತರ ಬದಲಿಸುವ ಸೌಕರ್ಯವಿತ್ತು. ಎತ್ತರವನ್ನು ಅಲ್ಲಿ ಹೊಂದಿಸಿದರೆ ದಂಡದ ಚಲನೆ ಪೂರ್ಣವಾಗಿ ಉಳಿಯುತ್ತದೆ. ಆದರೆ ಆಗ ಚಕ್ರವು ಮೇಲೇರಿ ಮಡ್‌ಗಾರ್ಡಿಗೆ ಉಜ್ಜದಂತೆ ನೋಡಿಕೊಳ್ಳಬೇಕು.

ಮಾತು ಬೆಳೆದು ಒಂದು ರಾಜಿಗೆ ಬಂದಿತು. ಐದು ಸೆಂಟಿಮೀಟರು ತಗ್ಗಿದ್ದ ಕಾರು ಎರಡೂವರೆಗೆ ಏರಿತು. ಅಷ್ಟಕ್ಕೇ ಹುಡುಗನ ಮುಖ ಸಪ್ಪಗಾಯಿತೆಂಬುದನ್ನು ಮರೆಮಾಚುವುದಿಲ್ಲ. ಸ್ಪ್ರಿಂಗುಗಳನ್ನು ಅದೇ ತಯಾರಕರ ಮೆತ್ತಗಿನ ಜೊತೆಗಳಿಗೆ ಬದಲಾಯಿಸಿದನು. ಮುಂದಿನವು ಹಿಂದಿನವುಗಳಿಗಿಂತ ತುಸು ಹೆಚ್ಚು ಮೆತ್ತಗೆ. ಇದಕ್ಕೆ ಆಧಾರವಿದೆ. ರೋಲ್ಸ್ ರಾಯ್ಸ್ ಸಂಸ್ಥೆಯಲ್ಲಿದ್ದು ಬಳಿಕ ಅಮೆರಿಕದ ಕ್ಯಾಡಿಲಾಕಿಗೆ ಹೋದ ಮಾರಿಸ್ ಓಲಿ ಎಂಬ ಎಂಜಿನಿಯರು ೧೯೩೦ರ ದಶಕದಲ್ಲಿ, ಹಿಂದೆ ಮುಂದೆ ಭಾರವನ್ನು ಸರಿಸಬಹುದಾದ ಒಂದು ಕಾರನ್ನು ಮಾಡಿಕೊಂಡು ಸುಖಪ್ರಯಾಣದ ಗುಟ್ಟನ್ನು ಹುಡುಕಿದರು. ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತುತ್ತದೆ, ಹಿಂದಿನದು ಆಮೇಲೆ. ಹಿಂದಿನ ಸ್ಪ್ರಿಂಗಿನ ಆಟ ತುಸು ಚುರುಕಾಗಿದ್ದರೆ ಅದು ಮುಂದಿನದನ್ನು ಹಿಂಬಾಲಿಸಿ ಹಿಡಿಯುತ್ತದೆ. ಕಾರು ಮೂಗು ಎತ್ತಿ ಬಾಲ ಎತ್ತಿ ಕುದುರೆಯಂತೆ ನೆಗೆಯದೆ ಮಟ್ಟಸವಾಗಿ ಏಳುತ್ತದೆ, ಮಟ್ಟಸವಾಗಿ ಇಳಿಯುತ್ತದೆ. ಇಂದಿಗೂ ಈ ತತ್ತ್ವ ನಿಂತಿದೆ. ಹೊಸ ಸ್ಪ್ರಿಂಗು ಹಾಕಿದ ಮೇಲೆ ಮುಂದಿನ ಅಳತೆ ಒಂಬತ್ತು ಸೆಂಟಿಮೀಟರಿಗೆ ಬಂದಿತು. ಹತ್ತು ಸೆಕೆಂಡಿಗೆ ೨೦ ಆಡುತ್ತಿದ್ದ ಕಾರು ಈಗ ೧೬, ೧೭ ಆಡುವ ಲೆಕ್ಕ.

ಸ್ಪ್ರಿಂಗು ಬದಲಿಸುವ ಕೆಲಸವನ್ನು ಯಾರೂ ಮನೆಯಂಗಳದಲ್ಲಿ ಕೈಯಾರೆ ಮಾಡಬಾರದೆಂಬುದನ್ನು ಇಲ್ಲಿಯೇ ಅರಿಕೆ ಮಾಡುತ್ತೇವೆ. ಒತ್ತಿ ಹಿಡಿದ ಸ್ಪ್ರಿಂಗು ಜಾರಿದರೆ ಗುಂಡಿನಂತೆ ಸಿಡಿಯುತ್ತದೆ. ಅದಕ್ಕೆ ತಕ್ಕ ಹಿಡಿಕೆಗಳುಳ್ಳ ವರ್ಕ್‌ಷಾಪಿನಲ್ಲಿಯೇ ಆಗಬೇಕು. ಎತ್ತರ ಬದಲಾದ ಮೇಲೆ ವೀಲ್ ಅಲೈನ್‌ಮೆಂಟನ್ನೂ ಮುಂದಿನ ದೀಪಗಳ ಓರೆಯನ್ನೂ ಮತ್ತೆ ಸರಿಪಡಿಸಬೇಕು. ಇಲ್ಲವಾದರೆ ಟೈರು ಒಂದು ಮಗ್ಗುಲಾಗಿ ಸವೆಯುತ್ತದೆ. ಎದುರಿಗೆ ಬರುವವನ ಕಣ್ಣು ಕುಕ್ಕುತ್ತದೆ. ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟವುಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯನ್ನೂ ವಿಮೆಯವರನ್ನೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರೆಂದು ನಾವು ಪ್ರತಿಯೊಬ್ಬ ತರುಣನಿಗೂ ಹೇಳುತ್ತೇವೆ. ಸೋದರಳಿಯನಿಗೂ ಹೇಳಿದ್ದೇವೆ.

ಇನ್ನು ಶಾಕ್ ಅಬ್ಸಾರ್ಬರಿನ ತಿರುಪು. ಸ್ಪ್ರಿಂಗು ಆಡುವುದನ್ನು ನಿಲ್ಲಿಸುವುದು ಅದರ ಕೆಲಸ. ಅವನದರಲ್ಲಿ ಟಿಕ್ ಟಿಕ್ ಎಂದು ತಿರುಗುವ ೨೪ ಮೆಟ್ಟಿಲುಗಳಿದ್ದವು. ತೀರ ಬಿಗಿಯಿಂದ ಆರು ಮೆಟ್ಟಿಲು ಸಡಿಲಿಸಿ ಇಟ್ಟಿದ್ದನು, ಬಹಳ ಬಿಗಿಯೆನ್ನಬೇಕು. ಬಿಗಿಯಾದ ಶಾಕ್ ಅಬ್ಸಾರ್ಬರಿನಿಂದ ಮೇಲ್ನೋಟಕ್ಕೆ ಕಾಣದ ಒಂದು ಕೇಡಿದೆ. ಏಣುಏಣಾದ ಡಾಂಬರಿನ ಮೇಲೆ ಒಂದು ಏಣಿಗೆ ಕುಗ್ಗಿದ ಸ್ಪ್ರಿಂಗು ಮತ್ತೆ ಹಿಗ್ಗುವ ಮೊದಲೇ ಎರಡನೆಯ ಏಣು ಬರುತ್ತದೆ, ಮೂರನೆಯದು ಬರುತ್ತದೆ. ಹಿಗ್ಗಲು ಬಿಡುವು ಸಿಗದೆ ಕಾರು ಮೆಟ್ಟಿಲುಮೆಟ್ಟಿಲಾಗಿ ಕುಸಿಯುತ್ತ ಹೋಗಿ ಕೊನೆಗೆ ರಬ್ಬರಿನ ಮೇಲೆಯೇ ಕೂತುಬಿಡುತ್ತದೆ. ದಿಂಬಂನ ತಿರುವುಗಳಿಗೆ ಮುನ್ನ ಆಗುತ್ತಿದ್ದುದು ಇದೇ.

ಇದನ್ನು ಸರಿಪಡಿಸಲು ಮೂರು ಭಾನುವಾರಗಳು ಬೇಕಾದವು. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು ಎಂಬ ಪಾಠವನ್ನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿರುವ ನಾವು ಮುಂದಿನ ಸೀಟು ಬಿಟ್ಟು ಹಿಂದೆ ಕುಳಿತು ನೋಟ್‌ಬುಕ್ಕು ಹಿಡಿದೆವು. ಮುಂದಿನ ಸೀಟಿನಲ್ಲಿ ಅಕ್ಕನವರ ಬದಲು ೨೫ ಕಿಲೋದ ಎರಡು ಅಕ್ಕಿಚೀಲಗಳನ್ನಿಟ್ಟು ಬೆಲ್ಟು ಹಾಕಿದೆವು. ಚೀಲದ ಬುಡದಲ್ಲಿ ಕಂಠಮಟ್ಟ ನೀರಿನ ಚೊಂಬು. ಅದೇ ರಸ್ತೆ, ಅದೇ ವೇಗ, ೨೭ರಿಂದ ೨೦ರವರೆಗಿನ ತಿರುವುಗಳು. ಎಷ್ಟು ನೀರು ಉಳಿಯಿತೆಂಬುದನ್ನು ಪ್ರತಿಸಲವೂ ಅಳೆದು ಬರೆದೆವು. ಟೀ ಅಂಗಡಿಯವರು, “ಏನ್ ಮೇಷ್ಟ್ರೇ, ಅಕ್ಕಿಗೆ ಘಟ್ಟ ತೋರಿಸ್ತಿದ್ದೀರಾ?” ಎಂದು ನಕ್ಕರು. ತಿರುಪನ್ನು ಬಿಗಿಯಿಂದ ಹತ್ತು ಮೆಟ್ಟಿಲು ಸಡಿಲಿಸಿದಾಗ ಏಣುಗಳ ಅದುರು ಇಳಿಯಿತು. ಇಪ್ಪತ್ತಕ್ಕೆ ಹೋದಾಗ ಒಂದು ಗುಂಡಿ ಕಳೆದ ಮೇಲೂ ಕಾರು ಮೂರು ನಾಲ್ಕು ಸಲ ತೂಗಿತು. ನೀರು ಹೆಚ್ಚು ಚೆಲ್ಲಿತು. ನಮ್ಮ ಹೊಟ್ಟೆಯೂ ತೊಳೆಸಿತು. ಕೊನೆಗೆ ಮುಂದೆ ೧೫, ಹಿಂದೆ ೧೭ ಎಂದು ನಿಂತಿತು. ಎಡ ಬಲ ಎರಡೂ ಒಂದೇ ಸಂಖ್ಯೆ. ಬೇರೆ ಕಾರಿಗೆ ಈ ಸಂಖ್ಯೆಗಳು ಉಪಯೋಗಕ್ಕೆ ಬರುವುದಿಲ್ಲ. ಮಾಡುವ ಬಗೆ ಮಾತ್ರ ಒಂದೇ.

ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತೋರಿಸಿದ್ದು, ಕಾಸು ಖರ್ಚಿಲ್ಲದ ಬದಲಾವಣೆ. ಹುಡುಗನ ಅಲಂಕಾರದ ಟೈರು ೨೦೫/೪೫, ೧೭ ಅಂಗುಲದ ಚಕ್ರದ್ದು. ಕಾರಿನೊಡನೆ ಬಂದದ್ದು ೧೮೫/೬೫, ೧೫ ಅಂಗುಲದ್ದು. ಮನೆಯ ಅಟ್ಟದ ಮೇಲೆ ಬಿದ್ದಿತ್ತು. ೪೫ ಎಂದರೆ ಟೈರಿನ ಗೋಡೆಯ ಎತ್ತರವು ಅದರ ಅಗಲದಲ್ಲಿ ನೂರಕ್ಕೆ ೪೫ ಪಾಲು. ಲೆಕ್ಕ ಹಾಕಿದರೆ ಹಳೆಯದರ ಗೋಡೆ ೧೨ ಸೆಂಟಿಮೀಟರು, ಹೊಸದರದು ೯ಕ್ಕಿಂತ ಸ್ವಲ್ಪ ಹೆಚ್ಚು. ಗಾಳಿ ತುಂಬಿದ ಆ ಮೂರು ಸೆಂಟಿಮೀಟರು ಸಣ್ಣ ಕಲ್ಲು, ಡಾಂಬರಿನ ಬಿರುಕುಗಳನ್ನೆಲ್ಲ ಸ್ಪ್ರಿಂಗಿನವರೆಗೆ ಹೋಗಲು ಬಿಡದೆ ನುಂಗಿಕೊಳ್ಳುತ್ತದೆ. ಹಳೆಯ ಚಕ್ರವು ಹಗುರವೂ ಹೌದು. ತೂಕದ ಯಂತ್ರದಲ್ಲಿಟ್ಟರೆ ಒಂದೊಂದಕ್ಕೆ ಮೂರು ಕಿಲೋ ಕಡಿಮೆ ಬಂದಿತು. ಅವ್ವನನ್ನು ಕರೆದೊಯ್ಯುವ ದಿನ ಹಳೆಯ ಚಕ್ರ, ಉಳಿದ ದಿನ ಅವನಿಷ್ಟ ಎಂದು ಒಪ್ಪಂದವಾಯಿತು. ಗಾಳಿಯನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ, ಬೆಳಗಿನ ತಂಪಿನಲ್ಲಿ ನೋಡಿ ಹಾಕಬೇಕು. ಘಟ್ಟ ಏರಿ ಬಿಸಿಯಾದ ಟೈರಿನ ಒತ್ತಡ ಹೆಚ್ಚಿದೆಯೆಂದು ಗಾಳಿ ಬಿಡಬಾರದು.

ಕೂರುವ ಜಾಗದ ಬಗೆಗೂ ಒಂದು ಮಾತು. ಹಿರಿಯರನ್ನು ಗೌರವದಿಂದ ಹಿಂದಿನ ಸೀಟಿನಲ್ಲಿ ಕೂರಿಸುವುದು ನಮ್ಮಲ್ಲಿ ವಾಡಿಕೆ. ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಹೆಚ್ಚುಕಡಿಮೆ ಹಿಂದಿನ ಅಚ್ಚಿನ ಮೇಲೆಯೇ ಇರುತ್ತದೆ. ಮುಂದಿನ ಸೀಟು ಎರಡು ಅಚ್ಚುಗಳ ನಡುಮಧ್ಯಕ್ಕೆ ಹತ್ತಿರ. ಅಲ್ಲಿ ಏರಿಳಿತ ಕಡಿಮೆ, ದಾರಿ ಕಾಣುವುದರಿಂದ ತಲೆ ಸುತ್ತುವುದೂ ಕಡಿಮೆ.

ಆಷಾಢದ ಒಂದು ಬೆಳಿಗ್ಗೆ ಎಂಟು ಗಂಟೆಗೆ ಹೊರಟೆವು. ಅಕ್ಕನವರು ಮುಂದೆ, ನಾವು ಹಿಂದೆ. ಹಾಸನೂರಿನ ಬಳಿ ಮಂಜು ಎಷ್ಟಿತ್ತೆಂದರೆ ರಸ್ತೆಯ ಅಂಚಿನ ಬಿದಿರು ಮೆಳೆಗಳೂ ಆನೆಗಳಂತೆ ಕಂಡವು. ನಿಜವಾದ ಆನೆ ಮಾತ್ರ ಕಾಣಲಿಲ್ಲ. ದಿಂಬಂನಲ್ಲಿ ಟೀ ಕುಡಿದು ಇಳಿಯತೊಡಗಿದೆವು. ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ನಿಯಮವನ್ನು ಹುಡುಗನು ಪಾಲಿಸಿದನು. ಅಕ್ಕನವರು ಮೊದಲ ಕೆಲವು ತಿರುವುಗಳಲ್ಲಿ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ೨೨ರ ಬಳಿ ಒಂದು ಕೈ ಬಿಟ್ಟರು. ೧೮ರಲ್ಲಿ ಕಣ್ಣು ಬಿಟ್ಟು, ತಡೆಗೋಡೆಯ ಮೇಲೆ ಸಾಲಾಗಿ ಕುಳಿತ ಕೋತಿಗಳಿಗೆ ಏನಾದರೂ ಎಸೆಯೋಣವೆಂದರು. ಅದು ತಪ್ಪೆಂದು ನಾವು ಹೇಳಿದೆವು. ಮಧ್ಯೆ ಲಾರಿಯೊಂದು ಸಿಕ್ಕಿಕೊಂಡು ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ಆಗ ಅವರೇ ಬಾಗಿಲು ತೆಗೆದು ಇಳಿದು, ಸೊಂಟಕ್ಕೆ ಕೈಯಿಟ್ಟುಕೊಂಡು, ಮಂಜು ಹರಿದು ಕೆಳಗೆ ತೆರೆದುಕೊಂಡಿದ್ದ ಬಯಲನ್ನು ನೋಡುತ್ತ ನಿಂತರು. ಹಿಂದಿನ ಸಲ ಇಳಿಸಲು ಇಬ್ಬರು ಬೇಕಾಗಿತ್ತು.

ಬಣ್ಣಾರಿಯಲ್ಲಿ ಅಮ್ಮನವರ ದರ್ಶನವಾಗಲೇಬೇಕೆಂದರು. ಫಾಲ್ಗುಣ ಚೈತ್ರದಲ್ಲಿ ಇಲ್ಲಿ ಕೆಂಡ ಹಾಯುವ ಉತ್ಸವಕ್ಕೆ ಮೈಸೂರು ಸೀಮೆಯಿಂದಲೂ ಜನ ಬರುತ್ತಾರೆ. ಅಂದು ನೆರವಿಯಿರಲಿಲ್ಲ. ಗುಡಿಯಿಂದ ಹೊರಬಂದ ಮೇಲೆ ಮಗನು ಕೇಳಿದನು: “ಹೆಂಗಿತ್ತವ್ವ?” ಅಕ್ಕನವರು ಮುಚ್ಚುಮರೆಯಿಲ್ಲದ ಹೆಂಗಸು. “ನಮ್ ಬೀಗರ ಕಾರಷ್ಟು ಸೊಗಸಿಲ್ಲ ಕಣ. ಆದ್ರ ಈಗ ಕೂರ್ಬೋದು” ಎಂದರು. ಬೀಗರ ಕಾರು ಕಾರ್ಖಾನೆಯಿಂದ ಬಂದ ಹಾಗೆಯೇ ಇರುವಂಥದು. ನಮ್ಮ ಅಭಿಪ್ರಾಯವೂ ಅದೇ: ತಗ್ಗಿನ ಕಾರನ್ನು ಎಷ್ಟು ತಿದ್ದಿದರೂ ಚಕ್ರಕ್ಕೆ ಬಿಟ್ಟಷ್ಟು ಜಾಗದಷ್ಟೇ ಸುಖ. ಹುಡುಗನು ಏನೂ ಹೇಳಲಿಲ್ಲ. ತಾಯಿಗೆ ಎಳನೀರು ಕೊಡಿಸಿದನು. ಅಂದು ಕತ್ತಲಾಗುವ ಮುನ್ನವೇ ಘಟ್ಟ ಹತ್ತಿ ಬಂದೆವು. ದಂಡದ ಮೇಲಿನ ಪ್ಲಾಸ್ಟಿಕ್ ಪಟ್ಟಿಗಳನ್ನು ನೋಡಿದರೆ ನಾಲ್ಕರಲ್ಲಿ ಯಾವುದೂ ರಬ್ಬರನ್ನು ಮುಟ್ಟಿರಲಿಲ್ಲ. ಅತ್ಯಂತ ಹತ್ತಿರ ಹೋದುದಕ್ಕೂ ಒಂದೂವರೆ ಸೆಂಟಿಮೀಟರು ಬಾಕಿಯಿತ್ತು. ಆಮೇಲೆ ಇನ್ನೆರಡು ಸಲ ಹೋಗಿ ಬಂದದ್ದಾಯಿತು.

೨೭ ತಿರುವುಗಳು ಹೀಗೆ ದಾರಿಗೆ ಬಂದವು. ಬಾರದೆ ಉಳಿದದ್ದು ನಮ್ಮ ಊರಿನ ಬಾಯಲ್ಲಿರುವ ಒಂದು ಹಂಪು. ಅದು ಶಾಲೆಯ ಎದುರಿಗಿದೆ. ಬೈಕುಗಳ ವೇಗಕ್ಕೆ ಹೆದರಿ ಊರ ತರುಣರು ಜಲ್ಲಿ ಸಿಮೆಂಟು ಕಲಸಿ ತಾವೇ ಹಾಕಿದ್ದು: ೧೫ ಸೆಂಟಿಮೀಟರು ಎತ್ತರ, ಅಗಲ ಮೊಳವೊಂದಕ್ಕೆ ಗೇಣು ಹೆಚ್ಚು. ಭಾರತೀಯ ರಸ್ತೆ ಕಾಂಗ್ರೆಸ್ಸು ಹಂಪಿಗೆ ಗೊತ್ತುಪಡಿಸಿದ ಅಳತೆ ೧೦ ಸೆಂಟಿಮೀಟರು ಎತ್ತರ, ೩.೭ ಮೀಟರು ಅಗಲ, ೧೭ ಮೀಟರು ತ್ರಿಜ್ಯದ ಕಮಾನು. ಅಂಥದರ ಮೇಲೆ ಎರಡೂವರೆ ಮೀಟರು ಅಂತರದ ಚಕ್ರಗಳ ಕಾರು ನಿಂತರೆ, ಅದರ ಹೊಟ್ಟೆಯ ಕೆಳಗೆ ಉಬ್ಬುವುದು ಐದು ಸೆಂಟಿಮೀಟರಿಗೂ ಕಡಿಮೆ. ಎಷ್ಟು ತಗ್ಗಿನ ಕಾರೂ ದಾಟಬಹುದು. ನಮ್ಮೂರಿನದು ಎರಡು ಚಕ್ರಗಳ ನಡುವೆ ಪೂರ್ತಿಯಾಗಿ ನುಗ್ಗುತ್ತದೆ. ಕಾರಿನ ಹೊಟ್ಟೆಗೂ ನೆಲಕ್ಕೂ ಇರುವುದು ಹದಿನಾಲ್ಕೂವರೆ. ಕೀಳಿಸಿಬಿಡಿ ಎಂದು ಮುಖ್ಯೋಪಾಧ್ಯಾಯರಾದ ನಾವು ಹೇಳುವಂತಿಲ್ಲ; ಅದು ಬಂದ ಮೇಲೆ ಮಕ್ಕಳು ನೆಮ್ಮದಿಯಾಗಿ ರಸ್ತೆ ದಾಟುತ್ತಿದ್ದಾರೆ. ಅಳತೆಗೆ ಸರಿಯಾಗಿ ಅಗಲಿಸಿ ಕಟ್ಟಬೇಕೆಂದು ನಕ್ಷೆಯೊಡನೆ ಅರ್ಜಿ ಬರೆದಿದ್ದೇವೆ. ಅಲ್ಲಿಯವರೆಗೆ ಅಕ್ಕನವರು ಶಾಲೆಯ ಮುಂದೆ ಇಳಿದು ಮೂವತ್ತು ಹೆಜ್ಜೆ ನಡೆಯುತ್ತಾರೆ, ಖಾಲಿ ಕಾರು ಓರೆಯಾಗಿ ಒಂದೊಂದೇ ಚಕ್ರ ಎತ್ತಿ ದಾಟುತ್ತದೆ. ಶಾಲೆ ಬಿಡುವ ಹೊತ್ತಾಗಿದ್ದರೆ ಐದನೆಯ ತರಗತಿಯ ಮಕ್ಕಳು ಅವರ ಔಷಧಿಯ ಚೀಲವನ್ನು ಹಿಡಿದುಕೊಂಡು ಜೊತೆಯಲ್ಲಿ ಬರುತ್ತಾರೆ.